ಖಾಲಿ ಕುರ್ಚಿಯ ಒಂದು ವರ್ಷ: ಮಂಜೇಶ್ವರದ ಉಪಚುನಾವಣೆ ಬಗ್ಗೆ ಒಂದಿಷ್ಟು ಮಾತು

(ಗಡಿಭಾಗದ ಒಂದು ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ. ಎರಡೆರಡು ಸಲ ಬಂದದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಚುನಾವಣೆ ಅಂದ ಕೂಡಲೇ ಎಲ್ಲರ ಬಾಯಿಗೂ ಮೊದಲು ಬರುವುದು 89. ಅದು ನಿಮಗೂ ಗೊತ್ತು. 2016ರ ಮೇ 19ರಂದು ವಿಧಾನಸಭೆ ಚುನಾವಣೆಯ ಎಣಿಕೆ ಮುಗಿದಾಗ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ 56,870 ಓಟು, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ವ್ಯತ್ಯಾಸ ಎರಡು ಖಾಸಗಿ ಬಸ್ಸಿನಲ್ಲಿ ಹಿಡಿಸುವಷ್ಟು ಜನ. ಸುರೇಂದ್ರನ್ ಅವರ ಹೆಸರಿಗೆ ಹೋಲುವ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೇ 467 ಓಟು ಬಿದ್ದಿತ್ತು. ಹೀಗೆ ಹೆಸರಲ್ಲಿ ಗೊಂದಲ ಆಗಬಾರದು ಅಂತಲೇ 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೋ ಹಾಕಲು ಶುರು ಮಾಡಿದ್ದರು. ಫೋಟೋ ಇದ್ದೂ ಹೀಗಾಯಿತು. ಈ ಕಥೆ ಚಹದಂಗಡಿಯಲ್ಲಿ ಇವತ್ತಿಗೂ ಓಡುತ್ತದೆ.

ನಾನು ಬಂದದ್ದು ಇನ್ನೊಂದು ಸಂಖ್ಯೆ ಬಗ್ಗೆ ಹೇಳಲು. 366. ಅದನ್ನು ಯಾರೂ ಹೇಳುವುದಿಲ್ಲ. ರಝಾಕ್ ಅವರು ತೀರಿಕೊಂಡದ್ದು 2018ರ ಅಕ್ಟೋಬರ್ 20ಕ್ಕೆ. ಅವರ ಜಾಗಕ್ಕೆ ನಾವು ಓಟು ಹಾಕಿದ್ದು 2019ರ ಅಕ್ಟೋಬರ್ 21ಕ್ಕೆ. ಲೆಕ್ಕ ಹಾಕಿ ನೋಡಿ, ಒಂದು ವರ್ಷ ಮತ್ತು ಒಂದು ದಿನ. ಅಷ್ಟು ದಿನ ಕೇರಳ ವಿಧಾನಸಭೆಯಲ್ಲಿ ಒಂದನೇ ನಂಬರಿನ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ರಾಜ್ಯದ ಪಟ್ಟಿಯಲ್ಲಿ ಮೊದಲನೇ ಹೆಸರು ನಮ್ಮದು, ಕುರ್ಚಿ ಖಾಲಿ. ಆಮೇಲೆ ನಡೆದ ಪ್ರಚಾರದಲ್ಲಿ ಯಾವ ಪಕ್ಷದ ಜೀಪಿನಲ್ಲೂ "ಒಂದು ವರ್ಷ ನಿಮ್ಮನ್ನು ಹೀಗೆ ಬಿಟ್ಟದ್ದು ತಪ್ಪಾಯ್ತು" ಅನ್ನುವ ಒಂದು ಮಾತು ನಾನು ಕೇಳಲಿಲ್ಲ. ಯಾಕೆ ಹೀಗೆ ಅಂತ ನಾವೂ ಪ್ರಶ್ನೆ ಮಾಡಲಿಲ್ಲ ಬಿಡಿ. ನನ್ನ ತಕರಾರು ಅದರ ಮೇಲೆಯೇ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಬೋರು ಹೊಡೆಸುವುದಿಲ್ಲ, ಬೇಗ ಮುಗಿಸುತ್ತೇನೆ. ಜನಪ್ರಾತಿನಿಧ್ಯ ಕಾಯ್ದೆಯಲ್ಲಿ 151ಎ ಅಂತ ಒಂದು ಕಲಂ ಇದೆ. ಸೀಟು ಖಾಲಿಯಾದರೆ ಆರು ತಿಂಗಳೊಳಗೆ ಉಪಚುನಾವಣೆ ಮಾಡಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ. ಅಥವಾ ಆರು ತಿಂಗಳಲ್ಲಿ ಮಾಡುವುದು ಕಷ್ಟ ಅಂತ ಚುನಾವಣಾ ಆಯೋಗ ಕೇಂದ್ರ ಸರ್ಕಾರದ ಜೊತೆ ಮಾತಾಡಿ ಬರೆದುಕೊಟ್ಟರೆ ಮುಂದೆ ಹಾಕಬಹುದು. ನಮ್ಮಲ್ಲಿ ಅವಧಿ ಎರಡೂವರೆ ವರ್ಷ ಬಾಕಿ ಇತ್ತು. ಹಾಗಾದರೆ ಯಾಕೆ ಆಗಲಿಲ್ಲ? ಹೈಕೋರ್ಟಿನಲ್ಲಿ ಕೇಸು ಇತ್ತು. 89 ಓಟಿನಿಂದ ಸೋತ ಸುರೇಂದ್ರನ್ ಅವರು, ಊರಲ್ಲೇ ಇಲ್ಲದವರ ಹೆಸರಿನಲ್ಲಿ, ಸತ್ತವರ ಹೆಸರಿನಲ್ಲಿ ಓಟು ಬಿದ್ದಿದೆ, ಗೆದ್ದವನು ನಾನೇ ಅಂತ ಘೋಷಿಸಿ ಅಂತ ಅರ್ಜಿ ಹಾಕಿದ್ದರು. ಕೋರ್ಟು ಹೌದು ಅಂದುಬಿಟ್ಟರೆ ಸೀಟು ಅವರದ್ದು, ಉಪಚುನಾವಣೆಯ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ತೀರ್ಪು ಬರಲಿ ಅಂತ ಆಯೋಗ ಕಾಯಿತು.

ಇಂಥ ಅರ್ಜಿಯಲ್ಲಿ ಗೆದ್ದವರು ತೀರಿಕೊಂಡರೂ ಕೇಸು ತನ್ನಷ್ಟಕ್ಕೆ ಸಾಯುವುದಿಲ್ಲ. ಅವರ ಬದಲಿಗೆ ಬೇರೆ ಯಾರಾದರೂ ಬಂದು ವಾದ ಮಾಡಬಹುದು. ಹಿಂದೆ ತೆಗೆದುಕೊಳ್ಳುವುದೂ ಸುಲಭ ಇಲ್ಲ. ಕೋರ್ಟಿನ ಒಪ್ಪಿಗೆ ಬೇಕು, ಗೆಜೆಟಿನಲ್ಲಿ ಪ್ರಕಟಣೆ ಬರಬೇಕು, ನಾನು ಮುಂದುವರಿಸುತ್ತೇನೆ ಅಂತ ಬರುವವರಿಗೆ ಅವಕಾಶ ಕೊಡಬೇಕು. ಉಳಿದ ಸಾಕ್ಷಿಗಳನ್ನು ಕರೆತರಲು ಆಗುತ್ತಿಲ್ಲ ಅಂತ 2019ರ ಫೆಬ್ರವರಿ ಹೊತ್ತಿಗೆ ಅರ್ಜಿದಾರರು ಹಿಂದೆ ಸರಿಯುವ ಮಾತಾಡಿದರೂ ಎಲ್ಲ ಮುಗಿಯುವಾಗ ಜುಲೈ ಆಗಿತ್ತು. ಇದೇ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ, ಅದನ್ನು ಕೇಳಿದರೆ ನಿಮಗೆ ನಗು ಬರಬಹುದು. ಚುನಾವಣಾ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕಂತೆ. ನಮ್ಮದು ಮೂರು ವರ್ಷ ಎಳೆಯಿತು. ತೀರ್ಪೂ ಬರಲಿಲ್ಲ. 89 ಸರಿಯೋ ತಪ್ಪೋ ಅಂತ ಯಾರಿಗೂ ಗೊತ್ತಾಗದೆ ಫೈಲು ಮುಚ್ಚಿತು.

ಬೇರೆ ಕ್ಷೇತ್ರದವರಿಗೆ ಎಷ್ಟು ದಿನ ಹಿಡಿಯಿತು ಅಂತಲೂ ನೋಡಿ. ಪಾಲಾದಲ್ಲಿ ಶಾಸಕ ಕೆ.ಎಂ. ಮಾಣಿ 2019ರ ಏಪ್ರಿಲ್ 9ಕ್ಕೆ ತೀರಿಕೊಂಡರು. ಸೆಪ್ಟೆಂಬರ್ 23ಕ್ಕೆ ಅಲ್ಲಿ ಓಟು. ಆರು ತಿಂಗಳೂ ಆಗಿರಲಿಲ್ಲ. ಕೋನ್ನಿ, ಅರೂರು, ಎರ್ನಾಕುಳಂ, ವಟ್ಟಿಯೂರ್ಕಾವ್, ಈ ನಾಲ್ಕು ಕಡೆ ಶಾಸಕರು ಮೇ ತಿಂಗಳಲ್ಲಿ ಲೋಕಸಭೆಗೆ ಗೆದ್ದು ಹೋದರು. ಅವರ ಜನ ಕಾದದ್ದು ಐದು ತಿಂಗಳು. ಅವರದ್ದೂ ನಮ್ಮದೂ ಒಂದೇ ದಿನ ಓಟು. ನಾವು ಅದಕ್ಕಿಂತ ಮೊದಲೇ ಏಪ್ರಿಲ್ 23ಕ್ಕೆ ಲೋಕಸಭೆಗೆ ಸಾಲು ನಿಂತು ಓಟು ಹಾಕಿ ಬಂದವರು. ಅದೇ ಕೋಣೆಯಲ್ಲಿ ಇನ್ನೊಂದು ಯಂತ್ರ ಇಟ್ಟಿದ್ದರೆ ಅವತ್ತೇ ಮುಗಿಯುತ್ತಿತ್ತು, ಅಲ್ವಾ? ಬೆರಳಿಗೆ ಹಾಕುವ ಮೈಸೂರಿನ ಶಾಯಿಯ ಖರ್ಚಾದರೂ ಉಳಿಯುತ್ತಿತ್ತು.

"ಶಾಸಕ ಇಲ್ಲದಿದ್ದರೆ ಏನಾಯಿತು ಮಾಸ್ಟ್ರೇ, ಇದ್ದಾಗ ಎಂತ ಆಗಿದೆ?" ಅಂತ ಕೇಳುವವರು ಇದ್ದಾರೆ. ಈಗಲೂ ಹಿಂದಿನ ಬೆಂಚಿನಲ್ಲಿ ಯಾರೋ ಅದನ್ನೇ ಗೊಣಗಿದ ಹಾಗೆ ಕೇಳಿತು. ಸರಿ, ಒಂದೇ ವಾರದ ಕಥೆ ಹೇಳುತ್ತೇನೆ.

2019ರ ಜನವರಿ ಕೊನೆಯಲ್ಲಿ ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋದರು. ಸೆಕ್ರೆಟರಿಯೇಟ್ ಎದುರು ಕೂತರು. ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ಅವರು ಉಪವಾಸ ಮಾಡಿದರು. ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ಪ್ರತಿಯೊಬ್ಬ ಪೀಡಿತರಿಗೂ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಅಂದಿತ್ತು. ಎರಡು ವರ್ಷ ಕಳೆದರೂ ಪಟ್ಟಿಯಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ ಅನ್ನುವ ಜಗಳ ಮುಗಿದಿರಲಿಲ್ಲ. ಆ ಅಮ್ಮಂದಿರು ಹೊರಗೆ ಬಿಸಿಲಿನಲ್ಲಿ ಕೂತಿದ್ದಾಗಲೇ, ಜನವರಿ 31ಕ್ಕೆ, ಒಳಗೆ ಆಗಿನ ಹಣಕಾಸು ಮಂತ್ರಿ ಥಾಮಸ್ ಐಸಾಕ್ ಬಜೆಟ್ ಓದುತ್ತಿದ್ದರು. ಪಡ್ರೆ, ಸ್ವರ್ಗ ಯಾವ ಪಂಚಾಯತಿನಲ್ಲಿವೆ? ಎಣ್ಮಕಜೆ. ಎಣ್ಮಕಜೆ ಯಾವ ಕ್ಷೇತ್ರ? ನಮ್ಮದೇ. ಗೇರು ತೋಟದ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ಊರು ಅದು. ಆ ಊರಿನ ಹೆಸರಿನಲ್ಲಿ ಸಭೆಯಲ್ಲಿ ಎದ್ದು ನಿಂತು ಒಂದು ಸಬ್ಮಿಷನ್ ಕೊಟ್ಟು ಸರ್ಕಾರದ ಗಮನ ಸೆಳೆಯಬೇಕಾದವರ ಕುರ್ಚಿ ಅವತ್ತು ಖಾಲಿ. ಬೇರೆ ಕ್ಷೇತ್ರದವರು ಮಾತಾಡಿರಬಹುದು, ಇಲ್ಲ ಅನ್ನುವುದಿಲ್ಲ. ಧರಣಿ ಮುಗಿದದ್ದು ಫೆಬ್ರವರಿ 3ಕ್ಕೆ, ಸರ್ಕಾರದ ಭರವಸೆಯ ಮೇಲೆ. ಶಾಸಕ ಇದ್ದಿದ್ದರೆ ಜಾಸ್ತಿ ಸಿಗುತ್ತಿತ್ತಾ? ಗೊತ್ತಿಲ್ಲ. ಆದರೆ ಆ ಅಮ್ಮಂದಿರಿಗೆ ಹೋಗಿ ತಟ್ಟಲು ತಮ್ಮದೇ ಅಂತ ಒಂದು ಬಾಗಿಲಾದರೂ ಇರುತ್ತಿತ್ತು.

ಇನ್ನು ಕನ್ನಡ ಶಾಲೆಗಳ ವಿಷಯ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬರುವುದು, ಮಕ್ಕಳು ತರಗತಿ ಬಿಟ್ಟು ಹೊರಗೆ ಕೂರುವುದು, ತಾಯ್ತಂದೆ ಅರ್ಜಿ ಹಿಡಿದು ಕಾಸರಗೋಡಿಗೆ ಅಲೆಯುವುದು ನಮಗೆ ಹೊಸತಲ್ಲ. ಗಣಿತ ಹೇಳಿಕೊಡುವವರಿಗೆ ಮಕ್ಕಳ ಪ್ರಶ್ನೆಯೇ ಅರ್ಥ ಆಗುವುದಿಲ್ಲ ಅಂದರೆ ಆ ವರ್ಷ ಹೋದಂತೆಯೇ. ನಾನು ಮಾಸ್ಟ್ರಾಗಿದ್ದವನು, ನನಗೆ ಗೊತ್ತು, ಒಂಬತ್ತನೇ ತರಗತಿಯಲ್ಲಿ ಬಿಟ್ಟುಹೋದ ಬೀಜಗಣಿತ ಹತ್ತರಲ್ಲಿ ಕೂಡಿಬರುವುದಿಲ್ಲ. ಇಂಥ ನೇಮಕಾತಿ ಆಗುವುದು ತಿರುವನಂತಪುರದ ಕಡತದಲ್ಲಿ. ನಮ್ಮಿಂದ ಹತ್ತಿರ ಹತ್ತಿರ 600 ಕಿಲೋಮೀಟರು. ಒಂದು ಇಡೀ ರಾತ್ರಿ ರೈಲು. ಅಷ್ಟು ದೂರ ಹೋಗಿ ಇದು ತಪ್ಪು ಅಂತ ಹೇಳಲಿಕ್ಕೆ ಅಂತಲೇ ನಾವು ಒಬ್ಬರನ್ನು ಆರಿಸುವುದು. ರಸ್ತೆ ಮಾಡಿಸಲು ಪಂಚಾಯತು ಇದೆ, ಬ್ಲಾಕ್ ಇದೆ, ಜಿಲ್ಲಾ ಪಂಚಾಯತು ಇದೆ. ಭಾಷೆಯ ವಿಷಯ ಹೇಳಲು ಶಾಸಕನೇ ಬೇಕು.

ಈಗ ಬೂತಿಗೆ ಬರುತ್ತೇನೆ. ಚುನಾವಣೆ ಡ್ಯೂಟಿ ಮಾಡಿದವರಿಗೆ ಇದು ಹಳೇ ವಿಷಯ. ಉಳಿದವರು ಸ್ವಲ್ಪ ಗಮನ ಕೊಡಿ. ಯಾಕೆಂದರೆ ಆ ಒಂದು ವರ್ಷ ಹಾಳಾದದ್ದು ಇಲ್ಲಿಂದಲೇ.

ಒಳಗೆ ಹೋದ ಕೂಡಲೇ ಮೊದಲನೇ ಪೋಲಿಂಗ್ ಅಧಿಕಾರಿ ನಿಮ್ಮ ಗುರುತಿನ ಚೀಟಿ ನೋಡಿ ಪಟ್ಟಿಯ ಕ್ರಮಸಂಖ್ಯೆ, ಹೆಸರು ಗಟ್ಟಿಯಾಗಿ ಓದುತ್ತಾರೆ. ಸುಮ್ನೆ ಓದುವುದಲ್ಲ, ಪಕ್ಕದ ಬೆಂಚಿನಲ್ಲಿ ಕೂತ ಪಕ್ಷಗಳ ಏಜೆಂಟರಿಗೆ ಕೇಳಬೇಕು ಅಂತ ಓದುವುದು. ಅವರ ಕೈಯಲ್ಲೂ ಪಟ್ಟಿ ಇರುತ್ತದೆ. ಗೀಟು ಹಾಕುತ್ತಾರೆ. ಇದು ಆ ಮನುಷ್ಯ ಅಲ್ಲ ಅಂತ ಅನಿಸಿದರೆ ಏಜೆಂಟ್ ಎದ್ದು ಚಾಲೆಂಜ್ ಮಾಡಬಹುದು. ಅದಕ್ಕೆ ಶುಲ್ಕ ಎಷ್ಟು ಗೊತ್ತಾ? 2 ರೂಪಾಯಿ. ಬೂತಿನ ಮುಖ್ಯಸ್ಥರು, ಅಂದರೆ ಪ್ರಿಸೈಡಿಂಗ್ ಅಧಿಕಾರಿ, ಅಲ್ಲೇ ವಿಚಾರಣೆ ಮಾಡುತ್ತಾರೆ. ಸುಳ್ಳು ಅಂತ ಸಾಬೀತಾದರೆ ಓಟು ಇಲ್ಲ, ಪೊಲೀಸರಿಗೆ ಒಪ್ಪಿಸುತ್ತಾರೆ, 2 ರೂಪಾಯಿ ವಾಪಸು. ಇಲ್ಲದಿದ್ದರೆ ಓಟು ಹಾಕಲು ಬಿಡುತ್ತಾರೆ, ಸುಮ್ಸುಮ್ನೆ ಮಾಡಿದ ಚಾಲೆಂಜ್ ಅಂತ ಕಂಡರೆ 2 ರೂಪಾಯಿ ಸರ್ಕಾರಕ್ಕೆ. ಇದರ ಜೊತೆಗೆ ಎಎಸ್‌ಡಿ ಅಂತ ಒಂದು ಪಟ್ಟಿ ಇರುತ್ತದೆ. ಊರಲ್ಲಿ ಇಲ್ಲದವರು, ಮನೆ ಬದಲಿಸಿದವರು, ತೀರಿಕೊಂಡವರು. ನಮ್ಮ ಕಡೆ ಆ ಪಟ್ಟಿ ಉದ್ದ ಇರುವುದೇ ಸಹಜ. ಮನೆಗೊಬ್ಬರಲ್ಲ, ಕೆಲವು ಮನೆಯಲ್ಲಿ ಮೂವರು ಗಲ್ಫಿನಲ್ಲಿದ್ದಾರೆ. ಪಾಸ್‌ಪೋರ್ಟ್ ತೋರಿಸಿ ಹೆಸರು ಸೇರಿಸಿಕೊಳ್ಳುವ ಅವಕಾಶ ಹೊರದೇಶದಲ್ಲಿರುವ ನಮ್ಮವರಿಗೂ ಇದೆ, ಆದರೆ ಓಟು ಹಾಕಲು ಊರಿಗೇ ಬರಬೇಕು. ದುಬೈಯಿಂದ ಒತ್ತಲು ಆಗುವುದಿಲ್ಲ.

ಇಷ್ಟೆಲ್ಲ ಏರ್ಪಾಡು ಇದ್ದೂ ಕಳ್ಳ ಓಟಿನ ದೂರು ಯಾಕೆ ಬರುತ್ತದೆ? ಏಜೆಂಟ್ ಆಗಿ ಕೂತವನು ಅದೇ ವಾರ್ಡಿನವನು. ಎದುರು ಬಂದವನೂ ಅದೇ ವಾರ್ಡಿನವನು. ಇವನು ಅಣ್ಣನ ಚೀಟಿ ಹಿಡಿದು ಬಂದಿದ್ದಾನೆ ಅಂತ ಗೊತ್ತಾದರೂ ಎದ್ದು ನಿಂತು ಹೇಳಲು ಬಾಯಿ ಬರುವುದಿಲ್ಲ. ನಾಳೆ ಅವರ ಮನೆ ಮದುವೆಗೆ ಹೋಗಬೇಕು, ನಾಡಿದ್ದು ಅವರ ಜೀಪಿನಲ್ಲಿ ಆಸ್ಪತ್ರೆಗೆ ಹೋಗಬೇಕು. ಕೆಲವು ಬೂತಿನಲ್ಲಂತೂ ಒಂದು ಪಕ್ಷದ್ದು ಬಿಟ್ಟರೆ ಬೇರೆಯವರ ಏಜೆಂಟ್ ಮಧ್ಯಾಹ್ನದ ಊಟಕ್ಕೆ ಎದ್ದು ಹೋದವರು ವಾಪಸು ಬರುವುದೇ ಇಲ್ಲ. ಆಮೇಲೆ ಎಲ್ಲ ಮುಗಿದ ಮೇಲೆ ಎರ್ನಾಕುಳದ ಹೈಕೋರ್ಟಿಗೆ ಹೋಗಿ ಲಕ್ಷಗಟ್ಟಲೆ ಖರ್ಚು ಮಾಡಿ ಸಾಕ್ಷಿ ಹುಡುಕುವುದು. ಅಲ್ಲಿ ಹೋದರೆ ಏನಾಗುತ್ತದೆ? ಸತ್ತವರು ಅಂತ ಅರ್ಜಿಯಲ್ಲಿ ಬರೆದಿದ್ದ ಒಬ್ಬರ ಮನೆಗೆ ಸಮನ್ಸ್ ಹೋದಾಗ ಅವರೇ ಬಂದು ತೆಗೆದುಕೊಂಡರು ಅಂತ ಪೇಪರಿನಲ್ಲಿ ಬಂದಿತ್ತು. ನಾವು ನಕ್ಕೆವು. ಆದರೆ ನಗುವ ವಿಷಯ ಅಲ್ಲ ಅದು. 2 ರೂಪಾಯಿಯಲ್ಲಿ, ಅದೇ ಕೋಣೆಯಲ್ಲಿ, ಹತ್ತು ನಿಮಿಷದಲ್ಲಿ ತೀರಬೇಕಾದ ಜಗಳ ಮೂರು ವರ್ಷ ಕೋರ್ಟಿನಲ್ಲಿ ಕೂತಿತು. ಅದರ ಬಿಲ್ಲು ಕಟ್ಟಿದ್ದು ಪಡ್ರೆಯ ಅಮ್ಮಂದಿರು.

ಸರಿ, ಕೊನೆಗೂ ಉಪಚುನಾವಣೆ ಬಂತು. ಲೀಗಿನಿಂದ ಎಂ.ಸಿ. ಕಮರುದ್ದೀನ್, ಬಿಜೆಪಿಯಿಂದ ರವೀಶ ತಂತ್ರಿ ಕುಂಟಾರು, ಸಿಪಿಎಂನಿಂದ ಎಂ. ಶಂಕರ ರೈ. ಕಮರುದ್ದೀನ್ ಜಿಲ್ಲೆಯ ತೆಂಕು ಭಾಗದವರು. ಸ್ಥಳೀಯರೇ ಬೇಕು ಅಂತ ಲೀಗಿನ ಒಳಗೇ ಸಾಕಷ್ಟು ಗಲಾಟೆ ಆಯಿತು. ಆಗ ಹುಡುಗರು ಕೇಳಿದ ಹೆಸರು ಎ.ಕೆ.ಎಂ. ಅಶ್ರಫ್ ಅವರದ್ದು. ರವೀಶ ತಂತ್ರಿ ಆರು ತಿಂಗಳ ಹಿಂದೆ ಲೋಕಸಭೆಗೂ ನಿಂತು ಇದೇ ಅಂಗಳಗಳಲ್ಲಿ ಕೈಮುಗಿದು ಹೋಗಿದ್ದವರು. ಶಂಕರ ರೈ ಯಕ್ಷಗಾನ ಗೊತ್ತಿದ್ದವರು, ತುಳು ಕನ್ನಡ ಎರಡೂ ಮನೆಮಾತು.

ಅಂದರೆ ಆಯ್ಕೆಗೆ ಕೊರತೆ ಇರಲಿಲ್ಲ. ಪ್ರಚಾರಕ್ಕೂ ಇರಲಿಲ್ಲ. ಉಪಚುನಾವಣೆ ಅಂದರೆ ಗೊತ್ತಲ್ವಾ, ಇಡೀ ರಾಜ್ಯ ನಮ್ಮ ಅಂಗಳಕ್ಕೆ ಬರುತ್ತದೆ. ಸಾಮಾನ್ಯ ಚುನಾವಣೆಯಲ್ಲಿ 140 ಕ್ಷೇತ್ರಕ್ಕೆ ಹಂಚಿ ಹೋಗುವ ಮಂತ್ರಿಗಳು, ಮಾಜಿ ಮಂತ್ರಿಗಳು, ಯುವ ನಾಯಕರು ಉಪ್ಪಳ, ಹೊಸಂಗಡಿ, ಕುಂಬಳೆ ಪೇಟೆಯಲ್ಲಿ ದಿನಾ ಸಿಗುತ್ತಾರೆ. ನಮ್ಮ ಕ್ಷೇತ್ರಕ್ಕಾದರೆ ಆ ಕಡೆಯಿಂದ ಮಂಗಳೂರಿನವರೂ ಬರುತ್ತಾರೆ. ಮಲಯಾಳದಲ್ಲಿ ಭಾಷಣ, ಪಕ್ಕದಲ್ಲಿ ನಿಂತು ಒಬ್ಬರು ಕನ್ನಡದಲ್ಲಿ ಹೇಳುವುದು, ಮಧ್ಯೆ ತುಳುವಿನಲ್ಲಿ ಒಂದು ಜೋಕು. ಅನೌನ್ಸ್‌ಮೆಂಟ್ ಜೀಪು ಬ್ಯಾರಿ ಭಾಷೆಯಲ್ಲಿ, ಪಾಂಪ್ಲೆಟ್ ಕನ್ನಡದಲ್ಲಿ. ಕೊನೆ ದಿನದ ಕೊಟ್ಟಿಕಲಾಶ, ಅಂದರೆ ಪ್ರಚಾರ ಮುಗಿಸುವ ಗದ್ದಲ, ನೋಡಬೇಕಿತ್ತು, ಚೆಂಡೆ, ನಾಸಿಕ್ ಬ್ಯಾಂಡು, ಧ್ವಜ ಕಟ್ಟಿದ ಬೈಕು. ಓಟು ಕೇಳುವಾಗ ನಮ್ಮ ಎಲ್ಲ ಭಾಷೆಗಳೂ ಎಲ್ಲರಿಗೂ ಚೆನ್ನಾಗಿ ಬರುತ್ತವೆ. ಮತಯಂತ್ರದ ಮೇಲೂ ಮಲಯಾಳದ ಜೊತೆ ಕನ್ನಡದಲ್ಲಿ ಹೆಸರು ಇರುತ್ತದೆ. ಮಾರನೇ ದಿನ ಕಚೇರಿಯಲ್ಲಿ ಅರ್ಜಿ ನಮೂನೆ ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ಮಾತಾಡಿದ್ದು ಏನು? ಶಬರಿಮಲೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಒಂದು ವರ್ಷ ಆಗಿದ್ದರೂ ಬಿಸಿ ಆರಿರಲಿಲ್ಲ. ಎಡರಂಗದ ಅಭ್ಯರ್ಥಿ ಶಂಕರ ರೈ ತಾನು ಭಕ್ತ, ಆಚಾರ ಪಾಲಿಸಿಯೇ ಹೋಗಬೇಕು ಅನ್ನುವವನು ಅಂದದ್ದೇ ರಾಜ್ಯಮಟ್ಟದ ಸುದ್ದಿಯಾಯಿತು. ವಿರೋಧ ಪಕ್ಷದ ನಾಯಕ ರಮೇಶ್ ಚೆನ್ನಿತ್ತಲ ಟೀಕಿಸಿದರು, ಮುಖ್ಯಮಂತ್ರಿ ಪಿಣರಾಯಿ ವಿಜಯನ್ ತಿರುಗಿ ಉತ್ತರ ಕೊಟ್ಟರು, ಚಾನೆಲ್‌ನವರಿಗೆ ಎರಡು ದಿನದ ಕೆಲಸ. ಶಬರಿಮಲೆ ನಮ್ಮಿಂದ ಎಷ್ಟು ದೂರ, ಉಕ್ಕಿನಡ್ಕ ಎಷ್ಟು ದೂರ ಹೇಳಿ. ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು. ಆರು ವರ್ಷ ಕಳೆದರೂ ನಾವು ಎದೆನೋವು ಬಂದರೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಓಡಬೇಕಿತ್ತು. ಅದರ ಬಗ್ಗೆ ಯಾವ ಚಾನೆಲ್ಲೂ ಎರಡು ದಿನ ಮಾತಾಡಲಿಲ್ಲ.

ಫಲಿತಾಂಶ ಅಕ್ಟೋಬರ್ 24ಕ್ಕೆ. ಕಮರುದ್ದೀನ್ 65,407. ರವೀಶ ತಂತ್ರಿ 57,484. ಶಂಕರ ರೈ 38,233. ಅಂತರ 7,923. ಅವತ್ತು ಟಿವಿಯಲ್ಲಿ ಇದನ್ನು ಲೀಗಿನ ದೊಡ್ಡ ಗೆಲುವು ಅಂದರು, ಬಿಜೆಪಿಗೆ ಹಿನ್ನಡೆ ಅಂದರು. ನಾನು ಮನೆಗೆ ಹೋಗಿ ಹಳೇ ಅಂಕಿಗಳ ಪಕ್ಕ ಇಟ್ಟು ನೋಡಿದೆ. ಬಿಜೆಪಿಗೆ 2016ರಲ್ಲಿ 56,781. ಏಪ್ರಿಲಿನ ಲೋಕಸಭೆಯಲ್ಲಿ ನಮ್ಮ ಕ್ಷೇತ್ರದಿಂದ 57,104. ಅಕ್ಟೋಬರಿನಲ್ಲಿ 57,484. ಮೂರು ಚುನಾವಣೆ, ಇಬ್ಬರು ಅಭ್ಯರ್ಥಿಗಳು, ಮಧ್ಯದಲ್ಲಿ ಶಬರಿಮಲೆಯಂಥ ದೊಡ್ಡ ಗಲಾಟೆ, ಆದರೂ 703 ಓಟು ಮಾತ್ರ ಹೆಚ್ಚು. ಯಾರೂ ಆ ಕಡೆಯಿಂದ ಈ ಕಡೆ ಬಂದಿಲ್ಲ, ಈ ಕಡೆಯಿಂದ ಆ ಕಡೆ ಹೋಗಿಲ್ಲ. ಲೀಗಿಗೆ 2016ಕ್ಕಿಂತ 8,537 ಜಾಸ್ತಿ. ಸಿಪಿಎಂಗೆ 4,332 ಕಡಿಮೆ. ನೀವೇ ಕೂಡಿಸಿ ಕಳೆದು ನೋಡಿ. ಅಂತರವನ್ನು 89ರಿಂದ ಎಂಟು ಸಾವಿರದ ಹತ್ತಿರಕ್ಕೆ ತಂದದ್ದು ಮುಖ್ಯವಾಗಿ ಮೂರನೇ ಸ್ಥಾನದವರ ಓಟು ಜಾಗ ಬದಲಿಸಿದ್ದು, ಮತ್ತು 89 ಅನ್ನುವ ಹೆದರಿಕೆಯಿಂದ ಹೊಸದಾಗಿ ಬೂತಿಗೆ ಬಂದವರು. ಇದು ನನ್ನ ಲೆಕ್ಕ, ಬೇರೆಯವರು ಬೇರೆ ಹೇಳಬಹುದು. 2021ರಲ್ಲಿ ಮತ್ತೆ ನೋಡಿ. ಅಶ್ರಫ್ 65,758, ಸುರೇಂದ್ರನ್ 65,013. ಅಂತರ 745. ಲೀಗಿಗೆ ಹೆಚ್ಚು ಕಡಿಮೆ ಅಷ್ಟೇ, ಬಿಜೆಪಿಗೆ ಒಮ್ಮೆಲೇ ಏಳೂವರೆ ಸಾವಿರ ಹೆಚ್ಚು.

ಒಟ್ಟಿನಲ್ಲಿ ನಮ್ಮ ಕ್ಷೇತ್ರದಲ್ಲಿ ಓಟು ಬೀಳುವುದು "ಯಾರು ಬೇಕು" ಅಂತ ಅಲ್ಲ, "ಯಾರು ಬರಬಾರದು" ಅಂತ. ಎರಡು ಕಡೆಯವರಿಗೂ ಈ ಮಾತು ಅನ್ವಯ. ಸಾಮಾನ್ಯ ಚುನಾವಣೆಯಲ್ಲಾದರೆ ಇದು ನನಗೂ ಅರ್ಥ ಆಗುತ್ತದೆ. ಸರ್ಕಾರ ಯಾರದ್ದು ಅನ್ನುವ ಪ್ರಶ್ನೆ ಇರುತ್ತದೆ. ಆದರೆ 2019ರ ಅಕ್ಟೋಬರಿನಲ್ಲಿ ಸರ್ಕಾರ ಬದಲಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಐದು ಸೀಟು ಯಾರು ಗೆದ್ದರೂ ಪಿಣರಾಯಿ ಅವರೇ ಮುಖ್ಯಮಂತ್ರಿ. ಹಾಗಿದ್ದಾಗ ಒಂದೇ ಒಂದು ಸಲ, ನಮ್ಮ ಶಾಲೆಗೆ ಮಾಸ್ಟ್ರು ತರುವವರು ಯಾರು, ಎಣ್ಮಕಜೆಯ ಪಟ್ಟಿ ಸರಿ ಮಾಡಿಸುವವರು ಯಾರು, ತಿರುವನಂತಪುರದಲ್ಲಿ ಕನ್ನಡದಲ್ಲೇ ಮಾತು ಶುರು ಮಾಡುವ ಧೈರ್ಯ ಯಾರಿಗೆ ಅಂತ ನೋಡಿ ಓಟು ಹಾಕಬಹುದಿತ್ತು. ಸೋತರೂ ಗೆದ್ದರೂ ರಾಜ್ಯಕ್ಕೆ ನಷ್ಟ ಇಲ್ಲದ ಚುನಾವಣೆ ಅದು. ನಮಗೆ ಬೇಕಾದದ್ದನ್ನು ಕೇಳಿ ಪಡೆಯಲು ಅಂಥ ಹೊತ್ತು ಇನ್ನೊಂದು ಸಿಗುವುದಿಲ್ಲ. ಮೂರೂ ಪಕ್ಷಕ್ಕೂ ಪ್ರತಿಷ್ಠೆ ಬೇಕು, ಮಂತ್ರಿಗಳು ಮನೆ ಬಾಗಿಲಲ್ಲೇ ಇದ್ದಾರೆ. ಆಗ ಕೇಳದವರು ಯಾವಾಗ ಕೇಳುತ್ತೇವೆ?

ಹಿಂದೆ ಕೇಳುತ್ತಿದ್ದೆವು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮೊದಲ ಚುನಾವಣೆ 1957ರಲ್ಲಿ. ಇಲ್ಲಿಂದ ಪಕ್ಷೇತರರಾಗಿ ಎಂ. ಉಮೇಶ ರಾವ್ ಅವಿರೋಧವಾಗಿ ಗೆದ್ದರು. ಎದುರಿಗೆ ಒಬ್ಬರೂ ಇಲ್ಲ! ಆಮೇಲೆ ಕಳ್ಳಿಗೆ ಮಹಾಬಲ ಭಂಡಾರಿ 1960, 1965, 1967ರಲ್ಲಿ. ಅದರಲ್ಲಿ 1965ರ ಸಭೆ ಒಂದು ದಿನವೂ ಕೂರಲಿಲ್ಲ, ಯಾರಿಗೂ ಬಹುಮತ ಇಲ್ಲ ಅಂತ ವಿಸರ್ಜನೆ ಆಯಿತು. ಅವತ್ತು ಓಟಿನ ವಿಷಯ ಒಂದೇ, ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು. 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗವೂ ಹಾಗೇ ಹೇಳಿತು. ಆದರೆ ಆಗಲಿಲ್ಲ. 1970ರಲ್ಲಿ ಸಿಪಿಐಯ ಎಂ. ರಾಮಪ್ಪ ಗೆದ್ದರು, ಭೂಸುಧಾರಣೆಯ ಕಾಲ ಅದು, ಗೇಣಿದಾರರಿಗೆ ಬೇರೆ ಲೆಕ್ಕ ಇತ್ತು. ನಂತರ ಎ. ಸುಬ್ಬರಾವ್ ಗೆದ್ದು ನೀರಾವರಿ ಮಂತ್ರಿಯೂ ಆದರು. 1987ರಿಂದ ಚೆರ್ಕಳಂ ಅಬ್ದುಲ್ಲ ನಾಲ್ಕು ಸಲ. 2006ರಲ್ಲಿ ಸಿ.ಎಚ್. ಕುಂಞಂಬು. ಭಾಷೆ ಓಟಿನಿಂದ ಹೋದದ್ದು ಹೀಗೆ ನಿಧಾನಕ್ಕೆ. ಮತ್ತೆ ಅದೇ ಹಳೇ ದಿನ ಬರಲಿ ಅಂತ ನಾನು ಹೇಳುತ್ತಿಲ್ಲ. ವಿಲೀನದ ಮಾತು ಮುಗಿದು ಕಾಲವಾಯಿತು. ಆದರೆ ಕೇರಳದ ಒಳಗೇ ಕಾನೂನು ಪ್ರಕಾರ ಕನ್ನಡದವರಿಗೆ ಸಿಗಬೇಕಾದದ್ದು ಸಾಕಷ್ಟಿದೆ, ಅದನ್ನಾದರೂ ಕೇಳಬೇಕಲ್ಲ.

ಇಷ್ಟು ಹೇಳಿ ನಾನು ಕೂತೆ. ಆಮೇಲೆ ಪ್ರಶ್ನೆಗಳು ಬಂದವು. ಎರಡು ಮೂರನ್ನು ಇಲ್ಲಿ ಕೊಡುತ್ತೇನೆ.

ಪೈವಳಿಕೆ ಕಡೆಯ ಹಿರಿಯರೊಬ್ಬರು ಎದ್ದು ಕೇಳಿದರು: "ಅಲ್ಲ ಮಾಸ್ಟ್ರೇ, ಶಾಸಕ ಬಂದ ಮೇಲಾದರೂ ಎಂತ ಆಯ್ತು? 2020ರ ಮಾರ್ಚಿನಲ್ಲಿ ಗಡಿಗೆ ಮಣ್ಣು ಹಾಕಿದ್ರಲ್ಲ, ಆಗ ಶಾಸಕ ಇದ್ರಲ್ಲ?"

ನ್ಯಾಯವಾದ ಪ್ರಶ್ನೆ. ಕೊರೊನಾ ಶುರುವಾದಾಗ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದರು, ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು, ಮಂಗಳೂರಿಗೆ ಹೋಗಲಾಗದೆ ಜನ ಸತ್ತರು. ಶಾಸಕ ಇದ್ದರು, ಸಂಸದರೂ ಇದ್ದರು, ಕೊನೆಗೆ ಕೋರ್ಟಿಗೇ ಹೋಗಬೇಕಾಯಿತು. ಶಾಸಕ ಇದ್ದ ಕೂಡಲೇ ಎಲ್ಲ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಕಮರುದ್ದೀನ್ ಅವರು ಚಿನ್ನದಂಗಡಿ ಹೂಡಿಕೆಯ ಪ್ರಕರಣದಲ್ಲಿ ಬಂಧನಕ್ಕೊಳಗಾದರು. ಪ್ರಕರಣದ ಸರಿತಪ್ಪು ಕೋರ್ಟಿಗೆ ಬಿಟ್ಟದ್ದು. ನಮ್ಮ ಲೆಕ್ಕದಲ್ಲಿ ಕುರ್ಚಿ ಮತ್ತೆ ಕೆಲವು ತಿಂಗಳು ಖಾಲಿ. 2016ರಿಂದ 2021ರ ಆ ಐದು ವರ್ಷದಲ್ಲಿ ನಮ್ಮ ಕ್ಷೇತ್ರಕ್ಕೆ ಆದಷ್ಟು ಅನ್ಯಾಯ ಬೇರೆ ಎಲ್ಲೂ ಆಗಿರಲಿಕ್ಕಿಲ್ಲ. ಅದಕ್ಕೇ ಇಷ್ಟು ಮಾತು.

ಒಬ್ಬ ಹುಡುಗ ಕೇಳಿದ: "2021ರಲ್ಲಿ ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ತಗೊಂಡ್ರಲ್ಲ ಸರ್, ಅದು ಸಾಕಾಗಲ್ವಾ?"

ಸಂತೋಷವಾಯಿತು, ಖಂಡಿತ. ಟಿವಿಯಲ್ಲಿ ನೋಡಿ ನಮ್ಮ ಮನೆಯವರೆಲ್ಲ ಚಪ್ಪಾಳೆ ಹೊಡೆದಿದ್ದೇವೆ. ಪಕ್ಷ ಯಾವುದಾದರೂ ಆ ಸಭೆಯಲ್ಲಿ ನಮ್ಮ ಭಾಷೆ ಕೇಳುವುದು ದೊಡ್ಡದೇ. ಆದರೆ ಅದು ಅರ್ಧ ನಿಮಿಷದ ಕೆಲಸ. ಉಳಿದ ಐದು ವರ್ಷ ಕೇಳುವ ಪ್ರಶ್ನೆಗಳಲ್ಲಿ ಕನ್ನಡ ಶಾಲೆ ಎಷ್ಟು ಸಲ ಬಂತು ಅಂತ ನೋಡು. ಸಭೆಯ ಪ್ರಶ್ನೋತ್ತರ ಎಲ್ಲ ಈಗ ನೆಟ್ಟಿನಲ್ಲೇ ಸಿಗುತ್ತದೆ, ನಿನ್ನ ಮೊಬೈಲಿನಲ್ಲೇ ತೆಗೆಯಬಹುದು. ಯಾರು ಶಾಸಕರಾದರೂ ಇದನ್ನೇ ಮಾಡು.

ಕೊನೆಗೆ ಹೆಂಗಸರ ಸ್ವಸಹಾಯ ಸಂಘ ಕುಡುಂಬಶ್ರೀಯ ಅಕ್ಕ ಒಬ್ಬರು ಕೇಳಿದರು: "ನಾವು ಬೂತಿಗೆ ಹೋಗುವಾಗ ನಮ್ಮ ಓಟು ಬೇರೆ ಯಾರೋ ಹಾಕಿ ಆಗಿದ್ರೆ ಎಂತ ಮಾಡುದು? ಕಳೆದ ಸಲ ನಮ್ಮ ಅತ್ತೆಗೆ ಹಾಗೇ ಆಯ್ತು, ಸುಮ್ನೆ ವಾಪಸ್ ಬಂದ್ರು."

ಸುಮ್ನೆ ವಾಪಸು ಬರಬೇಡಿ ಅಕ್ಕ. ಗಲಾಟೆಯೂ ಮಾಡಬೇಡಿ. ಸೀದಾ ಪ್ರಿಸೈಡಿಂಗ್ ಅಧಿಕಾರಿ ಹತ್ತಿರ ಹೋಗಿ ಟೆಂಡರ್ಡ್ ಓಟು ಬೇಕು ಅಂತ ಕೇಳಿ. ನೀವೇ ಆ ವ್ಯಕ್ತಿ ಅಂತ ಅವರಿಗೆ ಖಾತ್ರಿಯಾದರೆ ಕೊಡಲೇಬೇಕು. ಯಂತ್ರದಲ್ಲಿ ಅಲ್ಲ, ಕಾಗದದ ಮತಪತ್ರ ಕೊಡುತ್ತಾರೆ. ಗುರುತು ಹಾಕಿ ಮಡಚಿ ಅವರಿಗೇ ಕೊಡಬೇಕು, ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ, ಹಾಗಾಗಿ ಏನು ಪ್ರಯೋಜನ ಅಂತ ಏಜೆಂಟರೇ ನಿಮ್ಮನ್ನು ವಾಪಸು ಕಳಿಸಲು ನೋಡಬಹುದು. ಅವರ ಮಾತು ಕೇಳಬೇಡಿ. ನಾಳೆ ಕೇಸು ಆದರೆ ಕೋರ್ಟು ಆ ಲಕೋಟೆಯನ್ನು ತೆರೆದು ನೋಡಬಹುದು. ಒಂದು ಪಟ್ಟಿಯಲ್ಲಿ ನಿಮ್ಮ ಹೆಸರು ಬರೆದು ಸಹಿ ತೆಗೆದುಕೊಳ್ಳುತ್ತಾರೆ. ಅತ್ತೆಯವರಿಗೆ ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ.